ಪದ ಪರಿಚಯ: ಕವರ್ ಹಾಡು

ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕೇಳಲೆಂದು ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಇನ್ನು ಕೆಲವರಿಗೆ ಎರಡೂ ಒಂದೇ. ಕಳೆದ ಸಲ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಮರಳಿ ಹಾಡಿದ, ಮರಾಠಿ ನಟ-ಗಾಯಕ ಬಾಲಗಂಧರ್ವರ ರಂಗಗೀತೆಗಳನ್ನು ಹಾಕಿದ್ದೆವು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂಬ ವಾದ ಹುಟ್ಟಿತು. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ, "ಅಜ್ಜಾ, ನನಗಂತೂ ಆ ಎರಡನೆಯ ಕವರ್ ತುಂಬ ಹಿಡಿಸಿತು" ಎಂದ. ಎಂಬತ್ತು ದಾಟಿದ ಹಿರಿಯರು ಕೇಳುತ್ತಲೇ ಸಿಟ್ಟಾದರು. "ಕುಮಾರರು ಹಾಡಿದ್ದಕ್ಕೆ ಕವರ್ ಎನ್ನುತ್ತೀಯಾ? ಅದೇನು ಜಾತ್ರೆಯ ರಸಮಂಜರಿ ಎಂದು ತಿಳಿದೆಯಾ?"

ಹುಡುಗ ಪದವನ್ನು ಸರಿಯಾಗಿಯೇ ಬಳಸಿದ್ದ. ಹಿರಿಯರ ಸಿಟ್ಟಿಗೂ ಕಾರಣವಿತ್ತು. ಆ ಪದದ ಮೇಲಿನ ಅನುಮಾನ ಅದರ ಹುಟ್ಟಿನಷ್ಟೇ ಹಳೆಯದು.

ಒಬ್ಬರು ಹಾಡಿ ಧ್ವನಿಮುದ್ರಣವಾಗಿ ಜನರ ಕಿವಿಗೆ ಬಿದ್ದಿರುವ ಹಾಡನ್ನು ಇನ್ನೊಬ್ಬರು ಮತ್ತೆ ಹಾಡಿದರೆ ಅದು ಕವರ್. ಪದ್ಯ ಅದೇ, ಧಾಟಿ ಅದೇ, ಕಂಠ ಬೇರೆ. ನಮ್ಮಲ್ಲಿ ಕವರ್ ಎಂದರೆ ಅಂಚೆಯ ಲಕೋಟೆ, ಪುಸ್ತಕದ ಹೊದಿಕೆ. ಹಾಡಿಗೂ ಅದಕ್ಕೂ ಏನು ನಂಟು ಎಂದು ಕೇಳುವವರಿದ್ದಾರೆ. ಪದ ಬಂದದ್ದು ಅಮೆರಿಕದ ಗ್ರಾಮಾಫೋನ್ ವ್ಯಾಪಾರದಿಂದ. ಒಂದು ಕಂಪನಿಯ ಹಾಡು ಓಡತೊಡಗಿದ ಕೂಡಲೇ ಎದುರಾಳಿ ಕಂಪನಿ ಅದೇ ಹಾಡನ್ನು ತನ್ನ ಗಾಯಕರಿಂದ ಹಾಡಿಸಿ ಮಾರುಕಟ್ಟೆಗೆ ಬಿಡುತ್ತಿತ್ತು. ಬಂದ ಲಾಭದಲ್ಲಿ ತನಗೂ ಪಾಲು ಸಿಗಲಿ ಎಂಬುದೇ ಉದ್ದೇಶ. ಅದರಲ್ಲಿ ಬಣ್ಣಭೇದದ ಕಹಿಯೂ ಸೇರಿತ್ತು. ಕಪ್ಪು ಗಾಯಕ ಲಿಟಲ್ ರಿಚರ್ಡ್ 1955ರಲ್ಲಿ ಮುದ್ರಿಸಿದ ಹಾಡೊಂದನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಕೆಲವೇ ತಿಂಗಳಲ್ಲಿ ನಯಗೊಳಿಸಿ ಹಾಡಿದರು. ಬಿಳಿಯರ ರೇಡಿಯೊಗಳಲ್ಲಿ ಹೆಚ್ಚು ಕೇಳಿಸಿದ್ದು ಈ ನಯವಾದ ಹಾಡೇ. ಕವರ್ ಎಂದರೆ ಇನ್ನೊಬ್ಬರ ಬೆಳೆಗೆ ಕುಡುಗೋಲು ಹಾಕುವುದು ಎಂಬ ಭಾವನೆ ಅಂದಿನಿಂದ ಉಳಿದುಕೊಂಡಿತು.

ಆ ಭಾವನೆಯನ್ನು ತಿರುವಿಹಾಕಿದ ಹಾಡುಗಳೂ ಅದೇ ನೆಲದಲ್ಲಿ ಬಂದವು. ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ 'ರೆಸ್ಪೆಕ್ಟ್' ಎಂಬ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು ತನ್ನವಳಿಂದ ಮರ್ಯಾದೆ ಕೇಳುತ್ತಾನೆ. 1967ರಲ್ಲಿ ಅರೆಥಾ ಫ್ರಾಂಕ್ಲಿನ್ ಅದನ್ನು ಹಾಡಿದಾಗ ಕೇಳುವವಳು ಹೆಣ್ಣಾದಳು. ಅಲ್ಲಲ್ಲಿ ಕೆಲವು ಸಾಲು ಸೇರಿದವು, ಆ ಪದವನ್ನು ಅಕ್ಷರ ಬಿಡಿಸಿ ಹೇಳುವ ಭಾಗವೂ ಬಂತು. ಆದರೆ ದೊಡ್ಡ ಬದಲಾವಣೆ ಎಂದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು. ಇಂದು ಬಹಳ ಜನರಿಗೆ ಆ ಹಾಡು ಎಂದರೆ ಆಕೆಯೇ.

ಹಾಗಾದರೆ ಯಾವುದು ಕವರ್ ಅಲ್ಲ? ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಒಂದು ವಚನವನ್ನು ನೂರು ಜನ ನೂರು ರಾಗಗಳಲ್ಲಿ ಹಾಡಿದ್ದಾರೆ. ಅದರಲ್ಲಿ ಯಾವುದೂ ಕವರ್ ಅಲ್ಲ. ಹನ್ನೆರಡನೆಯ ಶತಮಾನದ ವಚನಕ್ಕೆ ಮೊದಲ ಧ್ವನಿಮುದ್ರಣ ಎಂಬುದು ಎಲ್ಲಿಂದ ಬರಬೇಕು? ಭೀಮಸೇನ ಜೋಶಿಯವರ ದಾಸವಾಣಿಯೂ ಹಾಗೆಯೇ. ಪುರಂದರದಾಸರ ಪದ ಎಲ್ಲರ ಸ್ವತ್ತು. ಆದರೆ ಭೀಮಸೇನರ ದಾಸವಾಣಿಯ ಧಾಟಿಯನ್ನು, ಅವರು ತಾನ್ ಹಾಕಿದಲ್ಲೇ ತಾನ್ ಹಾಕಿ, ಅವರು ನಿಂತಲ್ಲೇ ನಿಂತು ಇನ್ನೊಬ್ಬರು ಹಾಡಿದರೆ ಆಗ ಅದು ಭೀಮಸೇನರ ಕವರ್. ಪದ್ಯ ದಾಸರದೇ ಆದರೂ ಮರಳಿ ಹಾಡಿದ್ದು ಭೀಮಸೇನರ ಹಾಡನ್ನು.

ಇದಕ್ಕೆ ತೀರ ಎದುರಾದ ಇನ್ನೊಂದು ಪದ್ಧತಿ ನಮ್ಮ ಕಡೆಯ ಪ್ರತಿಯೊಂದು ಭಜನಾ ಮಂಡಳಿಗೂ ಗೊತ್ತು. ಜನಪ್ರಿಯ ಹಾಡೊಂದರ ಧಾಟಿ ಇಟ್ಟುಕೊಂಡು ಪದವನ್ನು ಹೊಸದಾಗಿ ಕಟ್ಟುವುದು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ 'ಮಟ್ಟು' ಎಂದು ಬರೆದು ಮೂಲ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ಅಲ್ಲಿ ಪದ ಬೇರೆ, ಧಾಟಿ ಒಂದೇ. ಅದು ಕವರ್ ಅಲ್ಲ. ಹಳೆಯ ಮುದ್ರಣವನ್ನೇ ಕತ್ತರಿಸಿ ತಾಳ ಸೇರಿಸುವ ರೀಮಿಕ್ಸ್ ಕೂಡ ಕವರ್ ಅಲ್ಲ. ಅಲ್ಲಿ ಯಾರೂ ಹೊಸದಾಗಿ ಹಾಡಿರಬೇಕೆಂದಿಲ್ಲ.

ಭಾರತದಲ್ಲಿ ಕವರ್ ಎಂಬ ಪದ ಮನೆಮನೆಗೆ ಬಂದದ್ದು ಕ್ಯಾಸೆಟ್ ಕಾಲದಲ್ಲಿ, 1980ರ ದಶಕದಲ್ಲಿ. ಟಿ-ಸೀರೀಸ್ ಎಂಬ ಕ್ಯಾಸೆಟ್ ಕಂಪನಿ ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸ ಕಂಠಗಳಲ್ಲಿ ಹಾಡಿಸಿ ಅಗ್ಗದ ಬೆಲೆಗೆ ಮಾರಿತು. ಈಗ ಅದಕ್ಕೆ ಕಾನೂನಿನ ಕಟ್ಟುಪಾಡು ಬಿಗಿಯಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪರವಾನಗಿಯಲ್ಲಿ ಕವರ್ ಹೊರತರಬೇಕಾದರೆ, ಮೊದಲ ಮುದ್ರಣವಾದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಹಕ್ಕುದಾರರಿಗೆ ಮೊದಲೇ ತಿಳಿಸಿ, ಪ್ರತಿ ಕೃತಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಹೊದಿಕೆಯ ಮೇಲೆ ಮೂಲ ಗಾಯಕರ ಹೆಸರಾಗಲಿ ಚಿತ್ರವಾಗಲಿ ಇರದೆ, ಇದು ಕವರ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹಕ್ಕುದಾರರ ಒಪ್ಪಿಗೆ ಇಲ್ಲದೆ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಯನ್ನು ಈ ಪರವಾನಗಿಯಡಿ ಮಾಡುವಂತಿಲ್ಲ ಎಂಬ ಷರತ್ತೂ ಇದೆ. ಈ ಕೊನೆಯ ಷರತ್ತು ನನಗೆ ನೋವಿನದು. ಏಕೆಂದರೆ ಒಳ್ಳೆಯ ಕವರ್ ಹುಟ್ಟುವುದೇ ಬದಲಾವಣೆಯಲ್ಲಿ.

ಅದನ್ನು ತಿಳಿಯಲು ಬೆಳಗಾವಿ, ಬಾಗಲಕೋಟೆಗಳನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಬಾಲಗಂಧರ್ವರು, ಅಂದರೆ ನಾರಾಯಣ ಶ್ರೀಪಾದ ರಾಜಹಂಸ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಅವರ ರಂಗಗೀತೆಗಳನ್ನು ಮರಳಿ ಹಾಡಿದವರಲ್ಲಿ ಇಬ್ಬರು ನಮ್ಮ ನೆಲದವರು. ಒಬ್ಬರು ಬೀಳಗಿಯ ಗೋಹರಬಾಯಿ ಕರ್ನಾಟಕಿ, ಗಾಯಕಿ-ನಟಿ ಅಮೀರಬಾಯಿಯವರ ಸಹೋದರಿ. ಇನ್ನೊಬ್ಬರು ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ಮುಂದೆ ಕುಮಾರ ಗಂಧರ್ವ.

ಗೋಹರಬಾಯಿ ಬಾಲಗಂಧರ್ವರ ಗಾಯನಕ್ಕೆ ಮನಸೋತು ಅದೇ ಶೈಲಿಯನ್ನು ತಮ್ಮದಾಗಿಸಿಕೊಂಡರು, ಮುಂದೆ ಅವರ ನಾಟಕ ಮಂಡಳಿಯನ್ನೇ ಸೇರಿದರು, ಅವರನ್ನೇ ವರಿಸಿದರು. ಅವರ ಹಾಡುಗಾರಿಕೆಯಲ್ಲಿ ಗುರುವಿನ ಹೆಜ್ಜೆಯ ಮೇಲೆ ಹೆಜ್ಜೆ ಇಡುವ ನಿಷ್ಠೆ ಇದೆ. ಇದನ್ನು ಬರಿಯ ಅನುಕರಣೆ ಎಂದು ತಳ್ಳಿಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಣ್ಣಿನ ಅಳಲನ್ನು ಹೆಣ್ಣುವೇಷದ ಗಂಡಸು ಹಾಡಿದ್ದನ್ನು ಈಗ ಹೆಣ್ಣೊಬ್ಬಳು ಹಾಡುತ್ತಿದ್ದಾಳೆ. ಸ್ವರವೊಂದೂ ಬದಲಾಗದಿದ್ದರೂ ಹಾಡಿನೊಳಗೆ ಮಾತಾಡುವ ಜೀವ ಬದಲಾಗಿದೆ.

ಕುಮಾರರದು ಬೇರೆಯೇ ಕಥೆ. ಏಳೆಂಟು ವರ್ಷದ ಹುಡುಗನಾಗಿದ್ದಾಗ ಅವರು ದೊಡ್ಡ ಉಸ್ತಾದರ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿ, ಆ ಮೂರು ಮೂರೂವರೆ ನಿಮಿಷದ ಗಾಯನವನ್ನು ಚಾಚೂ ತಪ್ಪದೆ ಸಭೆಯಲ್ಲಿ ಒಪ್ಪಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಅವರ ಗಾಯನದ ಹುಟ್ಟೇ ಕವರ್‌ನಿಂದ. ಆಮೇಲೆ ಮುಂಬೈಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತರು. ಕ್ಷಯ ತಗುಲಿ ಐದಾರು ವರ್ಷ ಹಾಡನ್ನೇ ಬಿಟ್ಟು ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದರು. ಎದ್ದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ದೀರ್ಘವಾದ ಉಸಿರು ಹೋಗಿ, ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಒಮ್ಮೆಲೇ ಚಿಮ್ಮುವ ತಾರಸ್ವರ, ಅವುಗಳ ನಡುವೆ ಮೌನ ಬಂದವು.

ಇಂಥ ಉಸಿರಿನವರು ಬಾಲಗಂಧರ್ವರನ್ನು ಹಾಡಹೊರಟರು ಎಂಬುದನ್ನು ಯೋಚಿಸಿ. ಬಾಲಗಂಧರ್ವರ ಸೊಗಸು ಇರುವುದು ಕಡಿಯದ ಎಳೆಯಲ್ಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹದದಲ್ಲಿ, ಹಿಂದೆ ತುಂಬಿಕೊಳ್ಳುವ ಆರ್ಗನ್ ಮತ್ತು ಸಾರಂಗಿಯಲ್ಲಿ. ಅದನ್ನೇ ಹಾಗೆಯೇ ಒಪ್ಪಿಸುವುದು ಬಾಲಕ ಶಿವಪುತ್ರನಿಗೆ ಕೈಲಾದೀತು, ಪ್ರೌಢ ಕುಮಾರರಿಗೆ ಬೇಕಾಗಿರಲಿಲ್ಲ. ಅವರು ಆ ಕಾರ್ಯಕ್ರಮಕ್ಕೆ 'ಮಲಾ ಉಮಜಲೇಲೇ ಬಾಲಗಂಧರ್ವ' ಎಂದು ಹೆಸರಿಟ್ಟರು. ನನಗೆ ಮನವರಿಕೆಯಾದ ಬಾಲಗಂಧರ್ವ ಎಂದರ್ಥ. ಉಮಜಣೆ ಎಂದರೆ ಕಲಿತು ಒಪ್ಪಿಸುವುದಲ್ಲ, ಒಳಗೆ ಹೊಳೆದು ತಿಳಿಯುವುದು. ಕವರ್ ಎಂಬ ಪದಕ್ಕೆ ನಾನು ಕಂಡ ಅತ್ಯುತ್ತಮ ವಿವರಣೆ ಈ ಹೆಸರೇ. ಮೂಲದಲ್ಲಿ ಉದ್ದಕ್ಕೆ ಹರಿಯುವ ಸಾಲು ಕುಮಾರರಲ್ಲಿ ನಡುವೆ ನಿಲ್ಲುತ್ತದೆ. ನಿಂತ ಆ ಕ್ಷಣದಲ್ಲಿ, ಬಾಲಗಂಧರ್ವರು ಅಲ್ಲಿ ಏನನ್ನು ಜಾರಿಸಿಕೊಂಡು ಹೋಗಿದ್ದರು ಎಂಬುದು ನಮಗೆ ತಿಳಿಯುತ್ತದೆ.

ಆದ್ದರಿಂದ ಯಾವುದು ಉತ್ತಮ ಕವರ್ ಎಂದು ಜಗಳವಾಡುವಾಗ ಹಾಡಿದವರು ಏನು ಮಾಡಹೊರಟಿದ್ದರು ಎಂಬುದನ್ನು ಮೊದಲು ಕೇಳಬೇಕು. ರಸಮಂಜರಿಯ ಗಾಯಕನ ಮುಂದೆ ಇರುವ ಕೆಲಸ ಬೇರೆ. ದೊಡ್ಡ ಗಾಯಕರನ್ನು ಕರೆಸಲಾಗದ ಊರಿಗೆ ಅವರ ಹಾಡನ್ನು ತಂದು ಮುಟ್ಟಿಸುವುದು ಅವನ ಹೊಣೆ. ಅಲ್ಲಿ ಕೊಳಲಿನ ಒಂದು ತುಣುಕು ತಪ್ಪಿದರೂ ಜಾತ್ರೆಗೆ ಬಂದವರು ಗುರುತಿಸುತ್ತಾರೆ. ಮಧ್ಯರಾತ್ರಿ ಚಳಿಯಲ್ಲಿ ಕುಳಿತ ಜನರನ್ನು ಆ ಹಾಡಿನಿಂದ ಹಿಡಿದಿಡುವುದು ಸಣ್ಣ ವಿದ್ಯೆಯಲ್ಲ, ಅದನ್ನು ಬೈಗುಳದಂತೆ ಬಳಸುವುದು ಸರಿಯಲ್ಲ. ಅವನನ್ನು ಹೋಲಿಕೆಯಿಂದ ಅಳೆಯಬೇಕು, ಕುಮಾರರನ್ನು ವ್ಯತ್ಯಾಸದಿಂದ. ಒಂದೇ ಕೋಲಿನಿಂದ ಇಬ್ಬರನ್ನೂ ಅಳೆದರೆ ವಾದ ಬೆಳಗಾದರೂ ಮುಗಿಯದು.

ಕನ್ನಡದಲ್ಲಿ 'ಮರುಗಾಯನ' ಎನ್ನಬಹುದು. ನನಗೆ ಆ ಪದ ಇಷ್ಟ, ಅದರಲ್ಲಿ ಮುಚ್ಚುವ ಅರ್ಥವಿಲ್ಲ. ಆದರೂ ಮಾತಿನಲ್ಲಿ ಕವರ್ ನಿಂತುಬಿಟ್ಟಿದೆ.

ಅಂದು ಸಂಜೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿತ್ತು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗನ ಕಡೆ ತಿರುಗಿದರು. "ಎರಡನೆಯದು ಯಾಕೆ ಹಿಡಿಸಿತು, ಅದನ್ನು ಹೇಳು."

"ಎರಡನೆಯ ಸಾಲಿನಲ್ಲಿ ಅವರು ನಿಲ್ಲುತ್ತಾರಲ್ಲ ಅಜ್ಜಾ, ಅಲ್ಲಿ ಹಾಡು ಮುಗಿಯಿತೇನೋ ಎಂದು ನನಗೆ ಭಯವಾಯಿತು" ಎಂದ ಅವನು.

ಹಿರಿಯರು ಆ ಹಾಡನ್ನು ಮತ್ತೊಮ್ಮೆ ಹಾಕಲು ಹೇಳಿದರು. ಬರುವ ತಿಂಗಳು ಗೋಹರಬಾಯಿಯವರ ತಟ್ಟೆ ಕೇಳುವುದೆಂದು ಗೊತ್ತುಪಡಿಸಿದ್ದೇವೆ.