ಅಂಕಿತ ಬೇರೆ, ಅನುಮೋದನೆ ಬೇರೆ

ರಾಯಚೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ನೋಟ್ಸಿನಲ್ಲಿ ಅದೇ ಸಾಲು ಮತ್ತೆ ಕಣ್ಣಿಗೆ ಬಿತ್ತು: ‘ಬ್ರಿಟನ್ನಿನ ದೊರೆ ಅನುಮೋದಿಸದಿದ್ದರೆ ಮಸೂದೆ ಬಿದ್ದುಹೋಗುತ್ತದೆ.’ ಎಷ್ಟು ಸಲ ತಿದ್ದುವುದು? ಅನುಮೋದಿಸುವುದು ಪಾರ್ಲಿಮೆಂಟು. ದೊರೆಯದು ಅಂಕಿತ.

ಅಂಕ ಎಂದರೆ ಗುರುತು; ಗುರುತು ಬಿದ್ದದ್ದು ಅಂಕಿತ. ದಾಸರ ಸೀಮೆಯವರಾದ ನಮಗಾದರೂ ಈ ಪದ ತಪ್ಪಬಾರದು. ಮಾನ್ವಿ ಕಡೆಯ ಚೀಕಲಪರ್ವಿಯ ವಿಜಯದಾಸರ ಹಾಡು ‘ವಿಜಯವಿಠಲ’ನಲ್ಲಿ ಮುಗಿಯುತ್ತದೆ. ಅವರಿಂದ ‘ಗೋಪಾಲವಿಠಲ’ ಅಂಕಿತ ಪಡೆದವರು ಮೊಸರುಕಲ್ಲಿನ ಗೋಪಾಲದಾಸರು. ಕೊನೆಯ ನುಡಿಯಲ್ಲಿ ಅಂಕಿತ ಬಂತೆಂದರೆ ಹಾಡು ಪೂರ್ತಿಯಾಯಿತು, ಯಾರದೆಂದೂ ತಿಳಿಯಿತು. ವಿಠಲನ ಹೆಸರಿದೆಯೆಂದು ಹಾಡು ಕಟ್ಟಿದವನು ವಿಠಲನೇ ಎಂದು ಯಾರೂ ಅನ್ನುವುದಿಲ್ಲ. ರಾಜ್ಯಶಾಸ್ತ್ರಕ್ಕೆ ಈ ಪದ ತಂದವರು ಬಹಳ ಒಳ್ಳೆಯ ಆಯ್ಕೆ ಮಾಡಿದ್ದಾರೆ.

ದೊರೆಯ ಅಂಕಿತವಿಲ್ಲದೆ ಬ್ರಿಟನ್ನಿನಲ್ಲಿ ಮಸೂದೆ ಕಾಯ್ದೆಯಾಗದು, ಅದು ನಿಜ. ಆದರೆ ಅದನ್ನು ತಡೆಹಿಡಿದದ್ದು ಕೊನೆಯ ಸಲ 1708ರಲ್ಲಿ: ಸ್ಕಾಟ್ಲೆಂಡಿನ ಮಿಲಿಷಿಯಾ (ನಾಗರಿಕರ ಪಡೆ) ಮಸೂದೆಗೆ ರಾಣಿ ಆ್ಯನ್ ಒಲ್ಲೆ ಎಂದಳು, ಅದೂ ಮಂತ್ರಿಗಳ ಸಲಹೆಯಂತೆ. ಖುದ್ದಾಗಿ ಪಾರ್ಲಿಮೆಂಟಿಗೆ ಬಂದು ಅಂಕಿತ ಕೊಡುವ ಪದ್ಧತಿ 1854ಕ್ಕೇ ಕೊನೆಯಾಯಿತು. ಈಗ ದೊರೆಯ ಸಹಿ ಮಸೂದೆಯ ಮೇಲೂ ಇರುವುದಿಲ್ಲ; ಮಸೂದೆಗಳ ಹೆಸರು ಪಟ್ಟಿ ಮಾಡಿದ ಆಜ್ಞಾಪತ್ರದ ಮೇಲಿರುತ್ತದೆ.

ಒಪ್ಪದ ದೊರೆಯ ಗತಿ ಏನು? ಬೆಲ್ಜಿಯಂ ನೋಡಿ. 1990ರಲ್ಲಿ ದೊರೆ ಬೋದ್ವೆನ್ ಗರ್ಭಪಾತದ ಕಾಯ್ದೆಗೆ ಸಹಿ ಹಾಕಲು ಮನಸ್ಸಾಕ್ಷಿ ಒಪ್ಪದು ಎಂದರು. ಮಂತ್ರಿಮಂಡಲ ‘ದೊರೆ ಆಳಲು ಅಸಮರ್ಥರು’ ಎಂದು ಘೋಷಿಸಿ ತಾನೇ ಸಹಿ ಹಾಕಿತು. ಎರಡು ದಿನ ಕಳೆಯುವುದರೊಳಗೆ ಪಾರ್ಲಿಮೆಂಟು ಅವರನ್ನು ಮತ್ತೆ ಗದ್ದುಗೆಗೆ ಕರೆಯಿತು. ಸ್ವೀಡನ್ನಿನಲ್ಲಿ 1975ರಿಂದ ದೊರೆಯ ಅಂಕಿತವೇ ಬೇಕಿಲ್ಲ.

ನಮ್ಮ ರಾಜ್ಯಪಾಲರ ಅಳತೆಗೋಲು ಹಿಡಿದು ಬ್ರಿಟನ್ನಿನ ದೊರೆಯನ್ನು ಅಳೆಯುವುದರಿಂದಲೂ ಗೊಂದಲ ಹುಟ್ಟುತ್ತದೆ. ಮಸೂದೆಯನ್ನು ಮರುಪರಿಶೀಲನೆಗೆ ಕಳಿಸುವುದು, ರಾಷ್ಟ್ರಪತಿಗಳಿಗೆ ಕಾಯ್ದಿರಿಸುವುದು ಸಂವಿಧಾನದ 200ನೇ ವಿಧಿಯಲ್ಲಿ ಬರೆದಿಟ್ಟದ್ದು. ಬ್ರಿಟನ್ನಿನಲ್ಲಿ ಅಂಥ ಬರಹವಿಲ್ಲ, ರೂಢಿಯೇ ಕಟ್ಟಳೆ.

ಇಲ್ಲಿಯ ಹುಡುಗರು ನೌಕರಿಯ ಅರ್ಜಿಯಲ್ಲಿ ತುಂಬುವ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯನ್ನೇ ತೆಗೆದುಕೊಳ್ಳಿ. ಅದನ್ನು ತಂದ 98ನೇ ತಿದ್ದುಪಡಿಯನ್ನು 2012ರಲ್ಲಿ ಅನುಮೋದಿಸಿದ್ದು ಸಂಸತ್ತು. ರಾಷ್ಟ್ರಪತಿಗಳದು ಅಂಕಿತ, 1971ರ 24ನೇ ತಿದ್ದುಪಡಿಯಾದ ಮೇಲೆ ಸಂವಿಧಾನ ತಿದ್ದುಪಡಿಯ ಮಸೂದೆಗೆ ಅವರು ಅದನ್ನು ಹಾಕಲೇಬೇಕು.