ಟೋಲ್ ಸಾಲಿನಲ್ಲಿ ಹತ್ತಿದ ದೀಪ

ನಮ್ಮ ಸೊಸೈಟಿಯ ಎರಡನೇ ಮಹಡಿಯ ಕಾಕಾ ಬೆಳಗಾವಿಯವರು. ಪುಣೆಗೆ ಬಂದು ಮೂವತ್ತು ವರ್ಷವಾದರೂ ಊರಿನ ಜಾತ್ರೆ ತಪ್ಪಿಸಿದವರಲ್ಲ. ಕಳೆದ ಸಲ ತಮ್ಮ 2013ರ ಪೆಟ್ರೋಲ್ ಕಾರಿನಲ್ಲಿ ಹೊರಟವರು ಖಂಬಾಟ್ಕಿ ಘಾಟ್ ಏರುತ್ತಾ ಟೆಂಪರೇಚರ್ ಮುಳ್ಳು ನೋಡಲು ಕಣ್ಣಿಳಿಸಿದರೆ, ಪಕ್ಕದಲ್ಲೇ ಹಳದಿ ಎಂಜಿನ್ ಚಿತ್ರದ ದೀಪ, ಅಂದರೆ ಚೆಕ್ ಎಂಜಿನ್ ಲೈಟ್, ಹೊಳೆಯುತ್ತಿತ್ತು. ಸಾತಾರಾದ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿದ ಮೆಕ್ಯಾನಿಕ್ "ಆಕ್ಸಿಜನ್ ಸೆನ್ಸರ್ ಗೇಲಾ" (ಹೋಯಿತು) ಎಂದನಂತೆ. ಪುಣ್ಯಕ್ಕೆ ಆ ಸೆನ್ಸರ್ ಅವನ ಬಳಿ ಇರಲಿಲ್ಲ.

ಜಾತ್ರೆ ಮುಗಿಸಿ ಬಂದ ಕಾಕಾ ನನ್ನನ್ನು ಪಾರ್ಕಿಂಗಿಗೆ ಕರೆದರು. "ಘಾಟ್ ಏರೂದ್ರಾಗ ಎಂಜಿನ್ ದಣದೈತಿ ನೋಡ್ರಿ. ಹನ್ನೆರಡ ವರ್ಷದ ಗಾಡಿ, ಇನ್ನೆಷ್ಟ ಎಳೀತೈತಿ?"

ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ನನ್ನ ಬ್ಲೂಟೂತ್ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ ಮೊಬೈಲ್ ತೆರೆದೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಬಂತು: ಪಿ0171. ಸೆನ್ಸರ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದಷ್ಟೇ.

ಹಾಗೆ ಹೇಳಿದ್ದು ಯಾರು? ಅದೇ ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ಮೊದಲ ಸಲ ವೋಲ್ವೋ ಕಾರುಗಳಿಗೆ ಬಂತು. ಹೊಗೆ ಕೊಳವೆಯೊಳಗೆ ಚಾಚಿಕೊಂಡಿರುವ, ಬೆರಳಿನಂಥ ಒಂದು ಜಿರ್ಕೋನಿಯಾ ಪಿಂಗಾಣಿಯೇ ಅದರ ಜೀವಾಳ. ಒಳಮೈಗೆ ಹೊರಗಿನ ಗಾಳಿ ತಾಗುತ್ತದೆ, ಅದರಲ್ಲಿ ಆಮ್ಲಜನಕ ಸುಮಾರು 21%. ಹೊರಮೈಗೆ ಎಂಜಿನ್ ಹೊಗೆ ತಾಗುತ್ತದೆ, ಅದರಲ್ಲಿ ಆಮ್ಲಜನಕ ಇದ್ದರೂ ಅತ್ಯಲ್ಪ. ಪಿಂಗಾಣಿ ಸುಮಾರು 300 ಡಿಗ್ರಿಗೆ ಕಾದಾಗ ಆಮ್ಲಜನಕದ ಅಯಾನುಗಳು ಅದರ ಮೂಲಕ ದಾಟತೊಡಗುತ್ತವೆ. ಎರಡು ಕಡೆಯ ವ್ಯತ್ಯಾಸ ಹೆಚ್ಚಿದ್ದಷ್ಟೂ ವೋಲ್ಟೇಜು ಹೆಚ್ಚು. ಪೆಟ್ರೋಲ್ ಜಾಸ್ತಿಯಾದರೆ 0.9 ವೋಲ್ಟಿನ ಹತ್ತಿರ, ಗಾಳಿ ಜಾಸ್ತಿಯಾದರೆ 0.1ರ ಹತ್ತಿರ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹದದ ಆಚೀಚೆ ವೋಲ್ಟೇಜು ಓಲಾಡುತ್ತಿರುತ್ತದೆ. ಕಂಪ್ಯೂಟರ್ ಅದನ್ನು ನೋಡುತ್ತಾ ಪೆಟ್ರೋಲನ್ನು ಸೆಕೆಂಡಿಗೆ ಹಲವು ಬಾರಿ ಹೆಚ್ಚುಕಡಿಮೆ ಮಾಡುತ್ತದೆ. ಈ ತಿದ್ದುಪಡಿಗೆ ಫ್ಯುಯಲ್ ಟ್ರಿಮ್ ಎನ್ನುತ್ತಾರೆ. ಎಷ್ಟು ಸುರಿದರೂ ಸಾಲದೆ ತಿದ್ದುಪಡಿ ತನ್ನ ಮಿತಿ ಮುಟ್ಟಿದಾಗ ಪಿ0171 ಬರೆದು ದೀಪ ಹಚ್ಚುತ್ತದೆ. ಅಂದರೆ ಕಾಕಾರ ಸೆನ್ಸರ್ ತನ್ನ ಕೆಲಸ ನೆಟ್ಟಗೆ ಮಾಡಿತ್ತು. ಅದನ್ನು ಕಿತ್ತು ಹೊಸದು ಹಾಕುವುದೆಂದರೆ ಕಳ್ಳನನ್ನು ಕಂಡು ಬೊಗಳಿದ ನಾಯಿಯನ್ನು ಮಾರಿದ ಹಾಗೆ.

ಕೋಡ್ ಬರೆಯುವ ಕ್ಷಣದಲ್ಲಿ ಗಾಡಿ ಹೇಗಿತ್ತು ಎಂಬ ಲೆಕ್ಕವನ್ನೂ ಕಂಪ್ಯೂಟರ್ ಎತ್ತಿಟ್ಟುಕೊಳ್ಳುತ್ತದೆ. ಫ್ರೀಜ್ ಫ್ರೇಮ್ ಎಂದು ಅದರ ಹೆಸರು. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಬಹಳ ಗ್ಯಾರೇಜುಗಳಲ್ಲಿ ಮೊದಲ ಕೆಲಸವೇ ಅಳಿಸುವುದು ಎನ್ನುವುದು ನನ್ನ ಹಳೆಯ ತಕರಾರು. ಕಾಕಾರ ಗಾಡಿಯಲ್ಲಿ ಅದು ಉಳಿದಿತ್ತು. ಎಂಜಿನ್ ಬಿಸಿ 93 ಡಿಗ್ರಿ, ತಿರುಗುವ ವೇಗ ನಿಮಿಷಕ್ಕೆ 780 ಸುತ್ತು, ಗಾಡಿಯ ವೇಗ ಸೊನ್ನೆ.

"ಕಾಕಾ, ಘಾಟಿನಾಗ ಎಲ್ಲರ ನಿಂತಿದ್ರಿ?"

"ಇಲ್ರೀ. ನಿಂತಿದ್ದು ಖೇಡ್ ಶಿವಾಪುರ ಟೋಲಿನಾಗ. ಉದ್ದಕ ಲೈನ್ ಇತ್ತು."

ಆ ಟೋಲ್ ಘಾಟಿಗಿಂತ ಮೊದಲೇ ಸಿಗುತ್ತದೆ. ದೀಪ ಹತ್ತಿದ್ದು ಅಲ್ಲಿ, ಕಾಕಾರ ಕಣ್ಣಿಗೆ ಬಿದ್ದದ್ದು ಘಾಟಿನಲ್ಲಿ. ಪಾಪ, ಘಾಟಿನ ಮೇಲೆ ಸುಮ್ಮನೆ ಅಪವಾದ.

ನಿಂತಾಗ ಮಾತ್ರ ಬರುವ ರೋಗ ಎಂದರೆ ಅನುಮಾನ ಕಳ್ಳಗಾಳಿಯ ಮೇಲೆ, ಅಂದರೆ ಅಳತೆಗೆ ಸಿಗದೆ ಬಿರುಕಿನಿಂದ ಒಳನುಸುಳುವ ಗಾಳಿಯ ಮೇಲೆ ಹೋಗುತ್ತದೆ. ಎಂಜಿನ್ ಚಾಲೂ ಮಾಡಿ ಟ್ರಿಮ್ ನೋಡಿದೆ: ನಿಂತಲ್ಲಿ +24%, ಅಂದರೆ ಲೆಕ್ಕಕ್ಕಿಂತ ಅಷ್ಟು ಹೆಚ್ಚು ಪೆಟ್ರೋಲ್. ಆಕ್ಸಿಲರೇಟರ್ ಒತ್ತಿ 2500ಕ್ಕೆ ಏರಿಸಿದರೆ +8%ಕ್ಕೆ ಇಳಿಯಿತು. ಅರ್ಧ ಲೋಟ ಹಾಲಿಗೆ ನಾಲ್ಕು ಚಮಚ ನೀರು ಬಿದ್ದರೆ ಕುಡಿದವರಿಗೆ ಗೊತ್ತಾಗುತ್ತದೆ, ಅದೇ ನೀರು ಕೊಡದ ಹಾಲಿಗೆ ಬಿದ್ದರೆ ತಿಳಿಯುವುದಿಲ್ಲ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ, ಅದು ಎಳೆಯುವ ಗಾಳಿ ಕಡಿಮೆ, ಹಾಗಾಗಿ ಬಿರುಕಿನಿಂದ ನುಸುಳಿದ್ದರ ಪಾಲು ದೊಡ್ಡದು. ಪೆಟ್ರೋಲ್ ಪಂಪ್ ಸೋತಿದ್ದರೆ ಇದು ತಿರುವುಮುರುವಾಗಿ, ರೇಸ್ ಮಾಡಿದಷ್ಟೂ ಕೊರತೆ ಹೆಚ್ಚುತ್ತಿತ್ತು. ಒಳಬರುವ ಗಾಳಿಯನ್ನು ಏರ್ ಫಿಲ್ಟರಿನ ಬಳಿಯೇ ಅಳೆಯುವ ಗಾಡಿಗಳಿಗೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಗಾಳಿಯ ಬದಲು ಒತ್ತಡ ಅಳೆಯುವ ಸಣ್ಣ ಕಾರುಗಳಲ್ಲಿ ಟ್ರಿಮ್ ಇಷ್ಟು ಸ್ಪಷ್ಟವಾಗಿ ಬಾಯಿ ಬಿಡುವುದಿಲ್ಲ.

ಬಾನೆಟ್ ಎತ್ತಿದರೆ ಸಣ್ಣಗೆ ಸುಯ್ ಎನ್ನುವ ಸದ್ದು. ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಬಾಟಲಿ ತರಿಸಿ ರಬ್ಬರ್ ಪೈಪುಗಳ ಮೇಲೆ ಒಂದೊಂದಾಗಿ ಚಿಮುಕಿಸಿದೆ. ಬ್ರೀದರ್ ಪೈಪಿನ ಮೊಣಕೈ ಒದ್ದೆಯಾದದ್ದೇ ಸದ್ದು ಅಡಗಿತು, ಎಂಜಿನ್ ಒಮ್ಮೆ ತಡವರಿಸಿತು. ಎಂಜಿನ್ ಒಳಗಿನ ಆಯಿಲ್ ಹಬೆಯನ್ನು ವಾಪಸ್ ಸುಡಲು ಒಯ್ಯುವ ಪೈಪು ಅದು. ಹನ್ನೆರಡು ವರ್ಷ ಬಿಸಿಗೂ ಎಣ್ಣೆಗೂ ಸಿಕ್ಕ ರಬ್ಬರ್ ಹಪ್ಪಳದಂತಾಗಿ, ಕಣ್ಣಿಗೆ ಕಾಣದ ಕೆಳಮಗ್ಗುಲಲ್ಲಿ ಸೀಳಿತ್ತು. ಹೊಸ ಪೈಪು, ಎರಡು ಕ್ಲಿಪ್ ಸೇರಿ ಮುನ್ನೂರೈವತ್ತು ರೂಪಾಯಿ.

ಪೈಪು ಬದಲಿಸಿದ ಮೇಲೂ ಟ್ರಿಮ್ ಸೊನ್ನೆಗೆ ಬರಲಿಲ್ಲ. ನಿಂತಾಗಲೂ ಓಡುವಾಗಲೂ +5%ರ ಸುತ್ತ ನಿಂತಿತು. ಇದಕ್ಕೆ ನನ್ನ ಮಟ್ಟಿಗೆ ಕಾರಣ ಟ್ಯಾಂಕಿನಲ್ಲಿದೆ. ಎಥನಾಲ್ ಅಣುವಿನೊಳಗೇ ಆಮ್ಲಜನಕವಿದೆ; ಅದು ಸುಡಲು ಒಂಬತ್ತು ಪಾಲು ಗಾಳಿ ಸಾಕು. ಈಗ ಬಂಕುಗಳಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲಿನ ಹದ 14.7 ಅಲ್ಲ, ಸುಮಾರು 13.5. ಹಳೆಯ ಲೆಕ್ಕದ ಮೇಲೆ ನಡೆಯುವ ಗಾಡಿ ಒಂದಿಷ್ಟು ಹೆಚ್ಚು ಸುರಿಯಲೇಬೇಕು. ಅದರಿಂದಲೇ ದೀಪ ಹತ್ತುವುದಿಲ್ಲ, ಆದರೆ ಬೇರೊಂದು ಸಣ್ಣ ಸೋರಿಕೆ ಮಿತಿ ದಾಟಲು ದಾರಿ ಹತ್ತಿರವಾಗುತ್ತದೆ.

ಅಷ್ಟಕ್ಕೂ ಈ ದೀಪ ಹುಟ್ಟಿದ್ದು ಗಾಡಿಯ ಯಜಮಾನನಿಗಾಗಿ ಅಲ್ಲ, ಊರಿನ ಗಾಳಿಗಾಗಿ. ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2010ರ ಏಪ್ರಿಲಿನಲ್ಲಿ ಪುಣೆ, ಮುಂಬೈ, ಬೆಂಗಳೂರು, ನಮ್ಮವರೇ ತುಂಬಿರುವ ಸೊಲ್ಲಾಪುರ ಸೇರಿ 13 ನಗರಗಳಿಗೆ ಬಿಎಸ್-4 ಎಂಬ ಹೊಗೆ ನಿಯಮ ಬಂದಾಗ ಈ ವ್ಯವಸ್ಥೆಯ ಮೊದಲ ಹಂತ, 2013ರಲ್ಲಿ ಎರಡನೆಯದು. ಆದ್ದರಿಂದಲೇ ಹೊಗೆ ಕೆಡಿಸದ ಎಷ್ಟೋ ದೋಷಗಳಿಗೆ, ಉದಾಹರಣೆಗೆ ಸವೆದ ಕ್ಲಚ್ಚಿಗೆ, ಇದು ಹತ್ತುವುದೇ ಇಲ್ಲ. ಮಿಣುಕತೊಡಗಿದರೆ ಮಾತ್ರ ಗಾಡಿ ಬದಿಗೆ ಹಾಕಬೇಕು. ಎಂಜಿನ್ ಮಿಸ್ಸಿಂಗ್ ಆಗಿ, ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದರ ಜೇನುಗೂಡಿನಂಥ ಪಿಂಗಾಣಿಯನ್ನೇ ಕರಗಿಸುವಷ್ಟು ಕಾಯಿಸುತ್ತಿದೆ ಎಂದು ಅದರ ಅರ್ಥ. ಅದರ ಮೇಲೆ ಲೇಪಿಸಿರುವುದು ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್. ಬಿಲ್ಲು ಮುನ್ನೂರೈವತ್ತಕ್ಕೆ ನಿಲ್ಲುವುದಿಲ್ಲ.

ಕೋಡ್ ನಾನು ಅಳಿಸಲಿಲ್ಲ. ದೋಷ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಮೂರು ಓಡಾಟಗಳಲ್ಲಿ ಕಂಪ್ಯೂಟರ್ ಮತ್ತೆ ಪರೀಕ್ಷಿಸಿ ದೀಪವನ್ನು ತಾನೇ ಆರಿಸುತ್ತದೆ. ನಾಲ್ಕನೇ ದಿನ ಕಾಕಾರ ಫೋನು.

"ಲೈಟ್ ಆರೇತ್ರಿ. ಬಲ್ಬ್ ಏನರ ಸುಟ್ಟೈತೇನು ಮತ್ತ?"

ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ನೋಡಿ, ಬಲ್ಬ್ ಸರಿಯಿದ್ದರೆ ಹತ್ತುತ್ತದೆ ಎಂದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರೂ ಇದನ್ನು ನೋಡಲೇಬೇಕು; ದೀಪವನ್ನೇ ಕಿತ್ತು ಮಾರುವ ಮಹಾನುಭಾವರಿದ್ದಾರೆ. ಫೋನಿನಲ್ಲೇ ಕೀಲಿ ತಿರುಗಿದ ಸದ್ದು ಕೇಳಿತು.

"ಹತ್ತೇತ್ರಿ." ಆಮೇಲೆ ಎಂಜಿನ್ ಸದ್ದು. "ಹಾಂ, ಆರಿತು."