ತಂತಿ ಕಳಚಿದ ಹಳಿಗಳು: ಅಮೆರಿಕದ ಗೂಡ್ಸ್ ರೈಲು ವಿದ್ಯುತ್ತನ್ನು ಕೈಬಿಟ್ಟಿದ್ದೇಕೆ?

ಅಮೆರಿಕದಲ್ಲಿ ಗೂಡ್ಸ್ ರೈಲಿಗೆ ವಿದ್ಯುತ್ ಎಂಜಿನ್ ಬರಲು ಮೊದಲ ಕಾರಣ ಹೊಗೆ. ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಸುರಂಗದೊಳಗೆ ಉಗಿ ಎಂಜಿನ್ ಏರು ಹತ್ತುವಾಗ ಸಿಬ್ಬಂದಿಗೆ ಉಸಿರು ಕಟ್ಟುತ್ತಿತ್ತು. ಗ್ರೇಟ್ ನಾರ್ದರ್ನ್ ಕಂಪನಿ 1909ರಲ್ಲಿ ಅಲ್ಲಿ ತಂತಿ ಎಳೆಯಿತು. 1956ರಲ್ಲಿ, ಅಷ್ಟರಲ್ಲಿ ಕೊರೆದಿದ್ದ ಉದ್ದನೆಯ ಹೊಸ ಸುರಂಗಕ್ಕೆ ದೊಡ್ಡ ಫ್ಯಾನ್‌ಗಳನ್ನು ಕೂರಿಸಿ, ಡೀಸೆಲ್ ಎಂಜಿನ್ ಓಡಿಸಿ, ತಂತಿಯನ್ನು ತೆಗೆದುಹಾಕಿತು. ಹೊಗೆಯ ತೊಂದರೆ ನೀಗಿದ ಮೇಲೆ ತಂತಿಯ ಖರ್ಚು ಯಾಕೆಂಬುದು ಕಂಪನಿಯ ಲೆಕ್ಕ.

ವರ್ಜೀನಿಯನ್ ರೈಲ್ವೆಯದೂ ಹೆಚ್ಚುಕಡಿಮೆ ಇದೇ ಹಾದಿ. ಬೆಟ್ಟದಿಂದ ಕಲ್ಲಿದ್ದಲು ಇಳಿಸಲು 1925ರಿಂದ ವಿದ್ಯುತ್ ಬಳಸಿದ ಈ ಕಂಪನಿಯನ್ನು 1959ರಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ತನ್ನೊಳಗೆ ಸೇರಿಸಿಕೊಂಡಿತು. 1962ಕ್ಕೆ ವಿದ್ಯುತ್ ಓಡಾಟ ನಿಂತಿತು. 1950ರ ದಶಕದ ನಡುವೆ ಕೊಂಡಿದ್ದ ಎಂಜಿನ್‌ಗಳಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಿಲ್ವಾಕೀ ರೋಡ್ ಎಂಬ ರೈಲು ಕಂಪನಿ. ಮೊಂಟಾನಾದ ಚಳಿಗೆ ಉಗಿ ಎಂಜಿನ್ ಸೋಲುತ್ತಿತ್ತು; ಪಕ್ಕದಲ್ಲೇ ಜಲವಿದ್ಯುತ್ತೂ ಇತ್ತು, ತಂತಿಗೆ ಬೇಕಾದ ತಾಮ್ರದ ಗಣಿಯೂ ಇತ್ತು. ಮೊಂಟಾನಾದ ಹಾರ್ಲೋಟನ್‌ನಿಂದ ಐಡಹೊದ ಏವರಿವರೆಗೆ 705 ಕಿ.ಮೀ., ಮುಂದೆ ವಾಷಿಂಗ್ಟನ್ ರಾಜ್ಯದ ಒಥೆಲೊದಿಂದ ಪೆಸಿಫಿಕ್ ಕರಾವಳಿಯ ಕಡೆಗೆ ಇನ್ನೊಂದು ತುಂಡು: ಹೀಗೆ 1920ರ ಹೊತ್ತಿಗೆ 3,000 ವೋಲ್ಟ್‌ನ ತಂತಿ ಸಾವಿರ ಕಿ.ಮೀ.ಗೂ ಉದ್ದಕ್ಕೆ ಹಬ್ಬಿತ್ತು. ಇಳಿಜಾರಿನಲ್ಲಿ ಬರುವ ರೈಲು ಬ್ರೇಕ್ ಹಿಡಿಯುತ್ತಲೇ ವಿದ್ಯುತ್ ಉತ್ಪಾದಿಸಿ ತಂತಿಗೆ ವಾಪಸು ಕೊಡುತ್ತಿತ್ತು. ಸೋವಿಯತ್ ಒಕ್ಕೂಟಕ್ಕೆಂದು ತಯಾರಾಗಿ ಶೀತಲ ಸಮರದಿಂದಾಗಿ ಅಲ್ಲಿಗೆ ಹೋಗದೆ ಉಳಿದ 20 ಎಂಜಿನ್‌ಗಳಲ್ಲಿ 12 ಇಲ್ಲಿಗೇ ಬಂದವು. ಜೋಸೆಫ್ ಸ್ಟಾಲಿನ್ ನೆನಪಿಗೆ ಜನ ಅವನ್ನು ‘ಲಿಟ್ಲ್ ಜೋ’ ಎಂದರು.

ಆದರೆ ಆ ಎರಡು ತುಂಡುಗಳ ನಡುವೆ 300 ಕಿ.ಮೀ.ಗೂ ಹೆಚ್ಚು ದೂರಕ್ಕೆ ತಂತಿಯೇ ಇರಲಿಲ್ಲ. ಅಲ್ಲಿ ಎಂಜಿನ್ ಬದಲಿಸಲೇಬೇಕು. ಡೀಸೆಲ್ ಎಂಜಿನ್‌ಗೆ ಆ ಗೋಜಿಲ್ಲ. ಅದರ ಚಕ್ರ ತಿರುಗಿಸುವುದೂ ವಿದ್ಯುತ್ ಮೋಟಾರೇ, ಆದರೆ ವಿದ್ಯುತ್ ತಯಾರಿಸುವ ಜನರೇಟರನ್ನು ಅದು ಜೊತೆಯಲ್ಲೇ ಹೊತ್ತಿರುತ್ತದೆ. ಹಳಿ ಇದ್ದಲ್ಲೆಲ್ಲ ಹೋಗುತ್ತದೆ.

ಇಷ್ಟೇ ಆಗಿದ್ದರೆ ನಡುವಿನ ಜಾಗಕ್ಕೂ ತಂತಿ ಎಳೆಯಬಹುದಿತ್ತು. ಕಷ್ಟವಿದ್ದದ್ದು ದುಡ್ಡಿನಲ್ಲಿ. ಅಮೆರಿಕದಲ್ಲಿ ಹಳಿ ಖಾಸಗಿ ಕಂಪನಿಯ ಆಸ್ತಿ. ಕಂಬ, ತಂತಿ, ಸಬ್‌ಸ್ಟೇಷನ್ ಎಲ್ಲಕ್ಕೂ ಅದೇ ಬಂಡವಾಳ ಹಾಕಬೇಕು, ಅದರ ಮೇಲೆ ಆಸ್ತಿ ತೆರಿಗೆಯನ್ನೂ ಕಟ್ಟಬೇಕು. ಡೀಸೆಲ್ ಎಂಜಿನ್ ಕೊಳ್ಳಲು ಸಾಲ ಸುಲಭ. ಕಂತು ತಪ್ಪಿದರೆ ಸಾಲ ಕೊಟ್ಟವರು ಎಂಜಿನ್ ಒಯ್ದು ಬೇರೆಯವರಿಗೆ ಮಾರಬಹುದು. ಬೆಟ್ಟದಲ್ಲಿ ನೆಟ್ಟ ಕಂಬವನ್ನು ಯಾರು ಒಯ್ಯುತ್ತಾರೆ?

1973ರ ಆರಂಭದಲ್ಲಿ ಮಿಲ್ವಾಕೀ ರೋಡ್ ವಿದ್ಯುತ್ತನ್ನು ನಿಲ್ಲಿಸುವುದಾಗಿ ಘೋಷಿಸಿತು. ಉಪಕರಣಗಳಿಗೆ ಐವತ್ತಕ್ಕೂ ಹೆಚ್ಚು ವರ್ಷವಾಗಿತ್ತು, ಹೊಸದಕ್ಕೆ ಹಣ ಬೇಕಿತ್ತು, ತಾಮ್ರದ ತಂತಿ ಮಾರಿದರೆ ಹಣ ಬರುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆಗಲೂ ಕಂಪನಿ ಮನಸ್ಸು ಬದಲಿಸಲಿಲ್ಲ. 1974ರ ಜೂನ್‌ನಲ್ಲಿ ಕೊನೆಯ ವಿದ್ಯುತ್ ರೈಲು ಓಡಿತು. ಹಳೆಯ ತಂತಿಯನ್ನು ಉಳಿಸಿಕೊಳ್ಳಲು ತೈಲ ಬೆಲೆಯ ಆ ಏರಿಕೆಗಿಂತ ಬಲವಾದ ಕಾರಣ ಬೇರೆ ಬೇಕಿರಲಿಲ್ಲ ಎಂದೇ ನನಗನಿಸುತ್ತದೆ. 1977ರಲ್ಲಿ ಕಂಪನಿ ದಿವಾಳಿಯಾಯಿತು, 1980ರಲ್ಲಿ ಪಶ್ಚಿಮದ ಆ ಮಾರ್ಗವನ್ನೇ ಕೈಬಿಟ್ಟಿತು.

ಪೂರ್ವದಲ್ಲಿ ತಂತಿ ಉಳಿದುಕೊಂಡಿತು, ಆದರೆ ಅದರ ಕೆಳಗೆ ಗೂಡ್ಸ್ ಉಳಿಯಲಿಲ್ಲ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಹಾಕಿದ್ದ ತಂತಿಯ ಮುಖ್ಯ ಭಾಗವಾದ, ನ್ಯೂಯಾರ್ಕನ್ನು ರಾಜಧಾನಿ ವಾಷಿಂಗ್ಟನ್‌ಗೆ ಸೇರಿಸುವ ಈಶಾನ್ಯ ಕಾರಿಡಾರ್ 1976ರಲ್ಲಿ ಪ್ರಯಾಣಿಕರ ರೈಲು ಓಡಿಸುವ ಆಮ್‌ಟ್ರಾಕ್ ಪಾಲಾಯಿತು. ಸರಕು ಸಾಗಿಸುವ ಕಾನ್‌ರೇಲ್ ಅಲ್ಲಿ ಬಾಡಿಗೆದಾರನಾಯಿತು. ಪರರ ಹಳಿಗೂ ವಿದ್ಯುತ್ತಿಗೂ ದುಡ್ಡು ತೆತ್ತು, ತಂತಿ ಮುಗಿದಲ್ಲಿ ಡೀಸೆಲ್‌ಗೆ ಬದಲಾಯಿಸುವುದು ಅದಕ್ಕೆ ಗಿಟ್ಟಲಿಲ್ಲ. 1981ರಲ್ಲಿ ಅದರ ವಿದ್ಯುತ್ ಎಂಜಿನ್‌ಗಳು ನಿಂತವು.

ಅರಿಜೋನಾದಲ್ಲಿ ಒಂದು ಒಂಟಿ ಮಾರ್ಗ ಬಹುಕಾಲ ಬಾಳಿತು. ದೇಶದ ಬೇರಾವ ಹಳಿಗೂ ಸೇರದ ಬ್ಲ್ಯಾಕ್ ಮೆಸಾ ಅಂಡ್ ಲೇಕ್ ಪೊವೆಲ್ ರೈಲು 50,000 ವೋಲ್ಟ್ ತಂತಿಯಡಿ ನವಾಹೊ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊರುತ್ತಿತ್ತು. 2019ರಲ್ಲಿ ಸ್ಥಾವರ ಮುಚ್ಚಿತು. ಅದೇ ವರ್ಷ ಆ ರೈಲೂ ನಿಂತಿತು.